ಕೆಂಪು ಬಟ್ಟೆ ಹಿಡಿದ ಭರಮವ್ವ

ಬಂಕಾಪುರದ ಪೇಟೆಯಲ್ಲಿ ಭರಮವ್ವ ನಡೆದು ಬರುವುದನ್ನು ಮೊದಲ ಸಲ ಕಂಡಾಗ, ಅರ್ಧ ಪೇಟೆಯೇ ಈಕೆಯದಿರಬೇಕು ಎಂದು ಈ ಬರಹಗಾರ ತಿಳಿದಿದ್ದ. ಆಕೆ ಒಂದಿಷ್ಟು ದೂರ ನಡೆಯುವಳು, ನಿಲ್ಲುವಳು, ಸೊಂಟದ ಮೇಲೆ ಕೈಯಿಟ್ಟು ಎದುರಿನ ಅಂಗಡಿಯನ್ನು ಮೇಲಿನಿಂದ ಕೆಳಗೆ ನೋಡುವಳು. ಮತ್ತೆ ಒಂದಿಷ್ಟು ನಡಿಗೆ, ಮತ್ತೊಂದು ತಪಾಸಣೆ. ಹೊಸದಾಗಿ ಮೊಬೈಲ್ ಅಂಗಡಿ ಇಟ್ಟ ಜಾವೇದನಂತೂ, ಬಾಡಿಗೆ ಹೆಚ್ಚಿಸಲು ಜಾಗದ ಒಡತಿಯೇ ಬಂದಳೆಂಬಂತೆ ಎದ್ದು ನಿಂತು ನಮಸ್ಕಾರ ಮಾಡಿದ್ದ.

ನಿಜ ಸಂಗತಿ ಇಷ್ಟೇ. ಭರಮವ್ವನಿಗೆ ಉಸಿರು ಸಾಲುತ್ತಿರಲಿಲ್ಲ. ಉಸಿರಿಗಾಗಿ ನಿಂತಿದ್ದಾಳೆಂದು ಯಾರಿಗೂ ಗೊತ್ತಾಗಬಾರದೆಂದು ಅಂಗಡಿ ನೋಡುವ ನಾಟಕ ಮಾಡುತ್ತಿದ್ದಳು. ಜನ ತನ್ನನ್ನು ಸೊಕ್ಕಿನವಳು ಅಂದರೆ ಅವಳಿಗೆ ಅಡ್ಡಿಯಿರಲಿಲ್ಲ. ‘ಪಾಪ’ ಅಂದರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಉಸಿರು ಕಳೆದದ್ದು ಕಲ್ಲಿನ ಖಣಿಯಲ್ಲಿ. ಹೆದ್ದಾರಿಯಿಂದ ಒಳಗೆ, ಮೆಕ್ಕೆಜೋಳದ ಹೊಲಗಳ ನಡುವೆ ಇರುವ ಆ ಖಣಿಗೆ ಅವಳು ಮದುವೆಯಾದ ವರ್ಷವೇ ಸೇರಿದ್ದಳು. ಮೊದಲು ಕಲ್ಲು ಹೊತ್ತಳು, ಆಮೇಲೆ ಜಲ್ಲಿ ಒಡೆದಳು, ಕಲ್ಲು ಪುಡಿಮಾಡುವ ಕ್ರಷರ್ ಬಂದ ಮೇಲೆ ಅದರ ಬಾಯಿಯ ಬಳಿ ನಿಂತಳು. ಸಂಜೆ ಮನೆಗೆ ಬರುವಾಗ ರೊಟ್ಟಿ ಹಿಟ್ಟಿನ ಡಬ್ಬಿಯಲ್ಲಿ ಬಿದ್ದೆದ್ದವಳ ಹಾಗೆ ಇರುತ್ತಿದ್ದಳು. ಆದರೆ ಊರು ಅವಳನ್ನು ನೆನಪಿಟ್ಟದ್ದು ಅದಕ್ಕಲ್ಲ, ಅವಳ ಕೂಗಿಗೆ.

ಬಂಡೆಗೆ ಮದ್ದು ತುಂಬಿ ಬತ್ತಿ ಹಚ್ಚುವ ಮೊದಲು ಒಬ್ಬರು ದಿಬ್ಬದ ಮೇಲೆ ಕೆಂಪು ಬಟ್ಟೆ ಹಿಡಿದು ಕೂಗಬೇಕು. ಹಳೆಯ ಮಾಲಕ ನಾಗಪ್ಪ ಒಂದು ದಿನ ಅವಳು ಎಮ್ಮೆ ಬೈಯುವುದನ್ನು ಕೇಳಿದ. “ಈ ಗಂಟಲಾ ಬರೇ ಎಮ್ಮಿಗಿ ಖರ್ಚ ಮಾಡಬ್ಯಾಡಬೇ” ಅಂದವನೇ ಬಟ್ಟೆಯನ್ನು ಅವಳ ಕೈಗೆ ಕೊಟ್ಟ.

“ಹೋಯ್... ಬತ್ತಿ ಹಚ್ಚೇವೋ... ದೂರ ಸರೀರೋ...”

ಆ ಕೂಗು ಹೊಲ ದಾಟಿ, ಕೆರೆ ದಾಟಿ, ಬಂಕಾಪುರದ ಕೋಟೆಯವರೆಗೆ ಹೋಗುತ್ತಿತ್ತು. ಕೋಟೆಯ ನವಿಲುಗಳು ಕೂಡಲೇ ಒಟ್ಟಾಗಿ ಉತ್ತರ ಕೊಡುತ್ತಿದ್ದವು. ಎತ್ತುಗಳು ನಿಲ್ಲುತ್ತಿದ್ದವು, ಲಾರಿಗಳು ನಿಲ್ಲುತ್ತಿದ್ದವು, ಜಗಳವಾಡುವ ಗಂಡ ಹೆಂಡಿರೂ ನಿಲ್ಲುತ್ತಿದ್ದರು. ಒಂದು ಕ್ಷಣ ಲೋಕವೆಲ್ಲ ಭರಮವ್ವನ ಮಾತು ಕೇಳಿ ಸುಮ್ಮನಿರುತ್ತಿತ್ತು. ಆಮೇಲೆ ಸಿಡಿತ.

ಈಗ ಅವಳಿಗೆ ಬೇಕಾಗಿದ್ದುದು ಆ ಸಿಡಿತಕ್ಕೆ ಮುಂಚಿನ ಕ್ಷಣ. ಬೆಳಗಿನ ಹೊತ್ತು ಕೋಟೆಯ ಕಡೆಯಿಂದ ನವಿಲು ಕೂಗಿದರೆ ಹೊಸ್ತಿಲಲ್ಲಿ ಕುಳಿತ ಭರಮವ್ವನ ಕುತ್ತಿಗೆ ತಾನಾಗಿ ಮೇಲೇಳುತ್ತದೆ, ಬಾಯಿ ತೆರೆಯುತ್ತದೆ. ಒಡೆದ ಕೊಳವೆಯಲ್ಲಿ ಗಾಳಿ ಹೋದಂತೆ ಸಣ್ಣ ಸದ್ದು ಬರುತ್ತದೆ. ಯಾರಾದರೂ ನೋಡಿದರೇನೋ ಎಂದು ಆಕಳಿಸಿದ ಹಾಗೆ ಮಾಡುತ್ತಾಳೆ. ನವಿಲು ಇನ್ನೊಮ್ಮೆ ಕೂಗುತ್ತದೆ, ಕಾಯುತ್ತದೆ, ಬೇಸತ್ತು ಸುಮ್ಮನಾಗುತ್ತದೆ.

ಹುಬ್ಬಳ್ಳಿಯ ವೈದ್ಯರು ಎದೆಯ ಚಿತ್ರ ತೆಗೆಸಿ, ಕಲ್ಲಿನ ಧೂಳು ಒಳಗೆ ಮನೆ ಮಾಡಿಕೊಂಡಿದೆ, ಇನ್ನು ಹೊರಗೆ ಹೋಗುವುದಿಲ್ಲ ಎಂದರು. ಮನೆಯಲ್ಲಿ ಆಕ್ಸಿಜನ್ ಕೊಡುವ ಯಂತ್ರ ಬೇಕು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರಬೇಕು. ಭರಮವ್ವ ಗಾಬರಿಯಾಗಲಿಲ್ಲ. ಅವಳ ಹತ್ತಿರ ಕಾರ್ಡ್ ಇತ್ತು.

ಆ ಕಾರ್ಡಿನ ಕತೆಯನ್ನೂ ಹೇಳಬೇಕು. ನಾಗಪ್ಪನ ಮಗ ಮಾಲತೇಶ ಈಗಿನ ಮಾಲಕ. ಅವನ ಜೀಪಿನ ಮುಂದಿನ ಹಲಗೆಯ ಮೇಲೆ ಅವನು ಅಧ್ಯಕ್ಷನಾಗಿರುವ ಸಂಘಗಳ ಹೆಸರುಗಳಿವೆ. ಹೊಸ ಸಂಘ ಸೇರಿದಂತೆಲ್ಲ ಅಕ್ಷರ ಸಣ್ಣದಾಗುತ್ತ ಬಂದು, ಈಗ ಅದನ್ನು ಓದಬೇಕೆಂದರೆ ಜೀಪಿನ ಕೆಳಗೆ ಬೀಳುವಷ್ಟು ಹತ್ತಿರ ಹೋಗಬೇಕು. ಅವನು ಕೆಲಸಗಾರರಿಗೆಲ್ಲ ಒಂದು ಖಾಸಗಿ ಕಂಪನಿಯಿಂದ ಆರೋಗ್ಯ ವಿಮೆ ಮಾಡಿಸಿ, ಶಾಮಿಯಾನ ಹಾಕಿಸಿ ಕಾರ್ಡ್ ಹಂಚಿದ್ದ. ಕಾರ್ಡಿನಲ್ಲಿ ಕೆಲಸಗಾರರ ಚಿತ್ರ ಅಂಚೆಚೀಟಿಯಷ್ಟು, ಮಾಲತೇಶನದು ಅಂಗೈಯಷ್ಟು. ಆಸ್ಪತ್ರೆಯ ಮಂದಿ ಅದನ್ನು ನೋಡಿ ರೋಗಿ ಯಾರೆಂದು ಎರಡು ಸಲ ಕೇಳಿದರು. ಆಮೇಲೆ ಕಾರ್ಡ್ ವಾಪಸು ಕೊಟ್ಟರು. ಆ ಕಂಪನಿ ದಿವಾಳಿಯೆದ್ದು ಬಾಗಿಲು ಹಾಕಿ ಬಹಳ ದಿನವಾಗಿತ್ತು.

ಭರಮವ್ವನ ಜೊತೆ ಆ ದಿನ ಇದ್ದವಳು ಗೌಹರ. ಪಕ್ಕದ ಮನೆಯವಳು, ಖಣಿಯಲ್ಲಿ ಅವಳ ಎದುರು ಕುಳಿತು ಜಲ್ಲಿ ಒಡೆದವಳು. ಭರಮವ್ವನ ಗಂಟಲು ಹೋದ ಮೇಲೆ ಇಬ್ಬರ ಮಾತನ್ನೂ ತಾನೇ ಆಡುತ್ತಿದ್ದಳು. ಅದರಿಂದ ಅವಳಿಗೇನೂ ಆಯಾಸವಾದಂತೆ ಕಾಣುತ್ತಿರಲಿಲ್ಲ.

ಇಬ್ಬರೂ ಕಾರ್ಮಿಕ ಇಲಾಖೆಗೆ ಹೋದರು. ಅಲ್ಲಿಯ ಕಾರಕೂನ ಕನ್ನಡಕ ಒರೆಸುತ್ತ ಹೇಳಿದ: “ವಿಮಾ ಕಂಪನಿ ಇರಲಿ ಹೋಗಲಿ, ಖಣಿಯಿಂದ ಬಂದ ಬ್ಯಾನಿಗೆ ಮಾಲಕನ ಹೊಣೆರಿ. ಅರ್ಜಿ ಕೊಡ್ರಿ. ಆದ್ರ ವರ್ಷ ಹಿಡೀತೈತಿ ನೋಡ್ರಿ.”

“ವರ್ಷಕ್ಕಾಗುವಷ್ಟು ಉಸರು ನನ್ನ ಕಡೆ ಇಲ್ಲ” ಎಂದಳು ಭರಮವ್ವ, ಗೌಹರಳ ಕಿವಿಯಲ್ಲಿ. ಅರ್ಜಿ ಕೊಟ್ಟು, ಅಲ್ಲಿಂದಲೇ ಶಿಗ್ಗಾಂವದ ಬಸ್ಸು ಹತ್ತಿದರು. ಮಾಲತೇಶನ ಕಚೇರಿ ಅಲ್ಲಿಯ ಹೆದ್ದಾರಿ ಪಕ್ಕದಲ್ಲಿದೆ.

“ಬರ್ರಿ ಬರ್ರಿ, ಕುಂದರ್ರಿ. ಚಾ ತಗೋತೀರೇನು?” ಎಂದ ಮಾಲತೇಶ.

“ಚಾ ಬ್ಯಾಡ್ರಿ ಸಾವ್ಕಾರ್ರ. ಭರಮಕ್ಕಗ ಉಸರು ಬೇಕಾಗೇತಿ” ಎಂದಳು ಗೌಹರ.

“ನೋಡ್ರಿ, ಮಾಲತೇಶ ಅಂದ್ರ ಕರ್ತವ್ಯಕ್ಕ ತಪ್ಪಿದ ಮನಷ್ಯಾ ಅಲ್ಲ.” ಅವನು ತನ್ನ ಬಗ್ಗೆ ಹೇಳುವಾಗ ಯಾರೋ ದೊಡ್ಡವರ ಬಗ್ಗೆ ಹೇಳುವಂತೆ ದನಿ ತಗ್ಗಿಸುತ್ತಿದ್ದ. “ವಿಮಾ ಮಾಡಿಸಿದ್ದೆ ಇಲ್ಲೋ? ಕಾರ್ಡ್ ಕೊಟ್ಟಿದ್ದೆ ಇಲ್ಲೋ? ಕಂಪನಿ ಮುಳುಗಿದ್ರ ನಾ ಈಜಿ ಹೋಗಿ ತರಾಕ ಆಕ್ಕೈತೇನು?”

“ಆಕಿ ಎದಿಯಾಗಿನ ಧೂಳು ಕಂಪನಿದಲ್ರೀ. ನಿಮ್ಮ ಕಲ್ಲಿಂದು.”

“ಅದು ಬ್ಯಾರೆ, ಇದು ಬ್ಯಾರೆ. ನಮ್ಮ ವಕೀಲರನ್ನ ಕೇಳ್ತೇನಿ.”

“ವಕೀಲ್ರು ಉಸರು ಕೊಡ್ತಾರೇನ್ರೀ?”

ಗೋಡೆಯ ಮೇಲೆ ಹಾರ ಹಾಕಿದ ನಾಗಪ್ಪನ ಚಿತ್ರವಿತ್ತು. ಭರಮವ್ವ ಅದನ್ನು ಪೇಟೆಯ ಅಂಗಡಿ ನೋಡುವ ಹಾಗೆ ಮೇಲಿನಿಂದ ಕೆಳಗೆ ನೋಡಿ, ಉಸಿರು ಕೂಡಿದ ಮೇಲೆ ಎದ್ದಳು.

ಖಣಿಯಲ್ಲಿ ನಾಗಪ್ಪ ಇಟ್ಟ ಒಂದು ಕಟ್ಟಳೆ ಇದೆ. ಬರೆದಿಟ್ಟದ್ದಲ್ಲ, ಆದರೆ ಯಾರೂ ಮೀರಿದ್ದಿಲ್ಲ. ತುಂಬಿದ ಮದ್ದಿನಲ್ಲಿ ಒಂದೇ ಒಂದು ಸಿಡಿಯದೆ ಉಳಿದರೂ ಕೆಂಪು ಬಟ್ಟೆ ಇಳಿಯುವಂತಿಲ್ಲ. ಅದು ಇಳಿಯುವ ತನಕ ಖಣಿಯೊಳಗೆ ಮನುಷ್ಯ ಹೋಗುವಂತಿಲ್ಲ, ಲಾರಿ ಹೋಗುವಂತಿಲ್ಲ. ಹಾಗೆ ಹಾರದೆ, ಅಂದರೆ ಸಿಡಿಯದೆ, ಉಳಿದ ಮದ್ದನ್ನು ನೋಡಲು ಅದನ್ನು ಇಟ್ಟವನೇ ಹೋಗಬೇಕು, ಬೇರೆಯವರನ್ನು ಕಳಿಸುವಂತಿಲ್ಲ. ಮಾಲತೇಶ ಹದಿಹರೆಯದಲ್ಲಿ ಹುಮ್ಮಸ್ಸಿನಿಂದ ಒಮ್ಮೆ ಮದ್ದು ತುಂಬಿದ್ದ. ಅದು ಹಾರಲಿಲ್ಲ. ಹೊಗೆಯೆಲ್ಲ ಆರಿದ ಮೇಲೆ, ಅಳುತ್ತ ನಿಂತ ಮಗನನ್ನೇ ನಾಗಪ್ಪ ಒಳಗೆ ಕಳಿಸಿದ. ತಾನು ಹತ್ತು ಮಾರು ಹಿಂದೆ ನಡೆದ, ಅಷ್ಟೇ. ಅವತ್ತು ದಿಬ್ಬದ ಮೇಲೆ ಬಟ್ಟೆ ಹಿಡಿದು ನಿಂತವಳು ಭರಮವ್ವ.

ಶಿಗ್ಗಾಂವದಿಂದ ಬಂದ ಮರುದಿನ ಬೆಳಗ್ಗೆ ಅವಳು ಪೆಟ್ಟಿಗೆಯಿಂದ ಹಳೆಯ ಕೆಂಪು ಬಟ್ಟೆ ತೆಗೆದಳು. ಗೌಹರಳ ಭುಜ ಹಿಡಿದು, ನಿಂತು ನಿಂತು, ಖಣಿಯ ಬಾಯಿಗೆ ಹೋದಳು. ದಿಬ್ಬ ಈಗ ಇಲ್ಲ. ಅದನ್ನೂ ಒಡೆದು ರಸ್ತೆಗೆ ಹಾಕಿಯಾಗಿದೆ. ದಾರಿ ನಡುವೆಯೇ ಬಟ್ಟೆ ಎತ್ತಿ ನಿಂತಳು.

“ಕೂಗ” ಎಂದಳು ಗೌಹರಳಿಗೆ.

ಗೌಹರ ಕೂಗಿದಳು. ತಗಡಿನ ಮೇಲೆ ಗುದ್ದಲಿ ಎಳೆದಂತಿತ್ತು. ಭರಮವ್ವ ಕಣ್ಣು ಮುಚ್ಚಿದಳು. ತನ್ನ ಕೂಗು ಇನ್ನೊಬ್ಬರ ಬಾಯಲ್ಲಿ ಹೀಗೆ ಹಾಳಾಗುವುದನ್ನು ಕೇಳುವ ಬದಲು ಇನ್ನೊಂದು ಹೊರೆ ಧೂಳು ಕುಡಿಯಬಹುದಿತ್ತು ಅನಿಸಿತು. ಒಂದೇ ಒಂದು ಸಲ, ಒಂದೇ ಒಂದು ಉಸಿರು ತುಂಬ ಗಾಳಿ ಸಿಕ್ಕಿದ್ದರೆ ತೋರಿಸುತ್ತಿದ್ದಳು, ಕೂಗು ಅಂದರೆ ಏನೆಂದು.

ಆದರೆ ಲಾರಿ ನಿಂತಿತು. ಅದರ ಹಿಂದೆ ಇನ್ನೊಂದು, ಇನ್ನೊಂದು. ಎಲ್ಲಕ್ಕೂ ಮುಂದಿದ್ದ ಲಾರಿಯ ಚಾಲಕ ಮೆಹಬೂಬ ಇಳಿದು ಬಂದ. “ಯಾಕಬೇ ಯಕ್ಕಾ, ಇವತ್ತ ಸಿಡಿತ ಇಲ್ಲಲ್ಲ?”

“ಒಂದು ಹಾರಿಲ್ಲ” ಎಂದಳು ಭರಮವ್ವ.

ಮೆಹಬೂಬ ಬೀಡಿ ಹಚ್ಚಿ ಲಾರಿಯ ನೆರಳಿಗೆ ಕುಳಿತ. ಕ್ರಷರ್ ನಿಂತಿತು. ಕೆಲಸಗಾರರೆಲ್ಲ ಬುತ್ತಿ ಬಿಚ್ಚಿದರು. ಮ್ಯಾನೇಜರ ಬಂದು, ಇದು ಕಾನೂನುಬಾಹಿರ ಎಂದು ಬಾಯಿ ಮಾಡಿದ. “ಹಂಗಾರ ನೀ ಮೊದಲು ದಾಟಪಾ” ಎಂದರು ಯಾರೋ. ಅವನು ಬಟ್ಟೆಯನ್ನೊಮ್ಮೆ ನೋಡಿ, ಫೋನ್ ಬಂದವನಂತೆ ದೂರ ಸರಿದ.

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಮಾಲತೇಶ ಇಳಿದು, ಎಲ್ಲರೂ ಕೇಳುವಂತೆ ಕೂಗಾಡುತ್ತ ಬಂದವನು ಬಟ್ಟೆಯಿಂದ ನಾಲ್ಕು ಮಾರು ಈಚೆ ತಾನಾಗಿ ನಿಂತ. ಕಾಲಿಗೆ ಅಪ್ಪನ ಕಟ್ಟಳೆ ಇನ್ನೂ ನೆನಪಿತ್ತು.

“ಏನಬೇ ಇದು? ಎಲ್ಲಿ ಹಾರಿಲ್ಲ? ಯಾವ್ದು?”

ಭರಮವ್ವ ತನ್ನ ಎದೆಯ ಮೇಲೆ ಕೈಯಿಟ್ಟಳು. ಇಷ್ಟು ವರ್ಷ ಸಾವ್ಕಾರ್ರ ಎನ್ನುತ್ತಿದ್ದವಳು ಅವತ್ತು ಹೆಸರು ಹಿಡಿದು ಕರೆದಳು. “ಮಾಲತೇಶಾ, ವಿಮಾ ನೀ ಇಟ್ಟದ್ದು. ಹಾರಲಿಲ್ಲ. ನೋಡಾಕ ಯಾರು ಬರಬೇಕು? ನಿಮ್ಮಪ್ಪ ಏನಂತಿದ್ದ?”

ಮಾಲತೇಶ ಸುತ್ತಲೂ ನೋಡಿದ. ಬುತ್ತಿ ಉಣ್ಣುವವರ ಕೈಗಳೆಲ್ಲ ನಿಂತಿದ್ದವು. ಬಹಳ ಹೊತ್ತು ಚಪ್ಪಲಿಯಿಂದ ಜಲ್ಲಿ ಕೆದಕಿದ.

“ಇಟ್ಟಾವ್ನ ಬರಬೇಕು” ಎಂದ ಕೊನೆಗೆ, ಆ ಹಳೆಯ ಹುಡುಗನ ದನಿಯಲ್ಲಿ. “ಆತು. ಮಿಷಿನ್ ನಾ ತರ್ತೇನಿ. ದವಾಖಾನಿ ಖರ್ಚೂ ನಂದ. ಬರೇ ನಿಂದಲ್ಲ, ಯಾರ್ಯಾರಿಗೆ ಬ್ಯಾನಿ ಐತಿ, ಅವರೆಲ್ಲಾರ್ದೂ. ಬಟ್ಟಿ ಇಳಸಬೇ.”

“ಮಿಷಿನ್ ಬರಲಿ. ಆಮ್ಯಾಲೆ ಇಳಸ್ತೇನಿ.”

ಮರುದಿನ ಸಂಜೆಯೊಳಗೆ ಯಂತ್ರ ಬಂತು, ಕೆಂಪು ಬಟ್ಟೆ ಇಳಿಯಿತು. ಆದರೆ ಮಾಲತೇಶ ಮಾಲತೇಶನೇ. ಭರಮವ್ವನ ಮನೆಯ ಮುಂದೆ ಶಾಮಿಯಾನ ಹಾಕಿಸಿದ, ಯಂತ್ರಕ್ಕೆ ಹಾರ ಹಾಕಿಸಿದ, ತನಗೂ ಒಂದು ಹಾಕಿಸಿಕೊಂಡ. ಕರ್ತವ್ಯದ ಬಗ್ಗೆ ಅವನು ಭಾಷಣ ಮಾಡುತ್ತಿರುವಾಗ ಭರಮವ್ವ ಹಾರದ ಅಡಿಯಲ್ಲಿ ಯಂತ್ರದ ಗುಂಡಿಗಳೆಲ್ಲಿವೆ ಎಂದು ಹುಡುಕುತ್ತಿದ್ದಳು. ಗೌಹರ ಹಾರವನ್ನು ಕಿತ್ತು ಪಕ್ಕಕ್ಕಿಟ್ಟು, ನಳಿಕೆಯನ್ನು ಅವಳ ಮೂಗಿಗೆ ಹಚ್ಚಿದಳು. ಯಂತ್ರ ಗುರ್ರೆಂದಿತು. ತಣ್ಣನೆಯ ಗಾಳಿ ಒಳಗೆ ಇಳಿಯಿತು. ಕೂಗುವಷ್ಟಲ್ಲ. ಕೂಗು ಇನ್ನು ಬರುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೂ ಅವಳು ಎದೆಯ ತಳದಲ್ಲಿ ಒಮ್ಮೆ ತಡಕಾಡಿದಳು, ಎಲ್ಲಾದರೂ ಒಂದು ಚೂರು ಉಳಿದಿದೆಯೇನೋ ಎಂದು.

ಅಷ್ಟರಲ್ಲಿ ಕೇಬಲ್ ಟಿವಿಯವನು ಮೈಕನ್ನು ಅವಳ ಮೂಗಿನ ಹತ್ತಿರ ಹಿಡಿದ. “ಅಜ್ಜೀ, ಸಾವ್ಕಾರ್ರು ಇಷ್ಟು ದೊಡ್ಡ ಮಿಷಿನ್ ಕೊಟ್ಟಾರ. ಇದನ್ನ ತಗೊಂಡು ಏನೇನು ಮಾಡಬೇಕಂತ ಮಾಡೀರಿ? ನಮ್ಮ ವೀಕ್ಷಕರಿಗೆ ಹೇಳ್ರಿ.”

ಭರಮವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಉಸರಾಡ್ತೇನಪಾ. ಮತ್ತೇನ, ಅದರಾಗ ರೊಟ್ಟಿ ಸುಡ್ಲೇನು?”