ಅವರು ಕುಡಿಯದ ನೀರು

"ಹೀಟರಿನ ಕೆಳಗಿನ ನಲ್ಲಿ ಬಿಡಿ ಅಣ್ಣ, ನಾನೇ ನೋಡಬೇಕು" ಎಂದೆ.

ಒಳಗೇ ಅಡುಗೆ ಮಾಡಿ ಮಲಗಲಿಕ್ಕೆ ಆಗುವಂಥ, ನಾನು ಬಾಡಿಗೆಗೆ ಕೊಡುವ ಕ್ಯಾಂಪರ್ ವ್ಯಾನಿನ ನೀರು ಕಾಯಿಸುವ ಹೀಟರ್ ರಿಪೇರಿಗೆ, ಅದಕ್ಕೆ ನೀರು ಬರುವ ಟ್ಯಾಂಕ್ ತೊಳೆಯಲಿಕ್ಕೆ ಕಟಪಾಡಿಯಿಂದ ಬರುತ್ತಿದ್ದ ಮೆಕ್ಯಾನಿಕ್ ಅವರು. ಸ್ಪ್ಯಾನರಿನಿಂದ ಹೀಟರಿಗೆ ಬಡಿದು, ಕಿವಿಗೊಟ್ಟು ಕೇಳಿ, "ಫಸ್ಟ್ ಕ್ಲಾಸ್ ಉಂಟು ಮಾರಾಯ" ಎನ್ನುತ್ತಿದ್ದರು. ಬಂದಾಗಲೆಲ್ಲ ಅದೇ ಮಾತು. ಆದರೆ ಎಷ್ಟು ಬೆವರಿದರೂ ವ್ಯಾನಿನ ನೀರು ಮುಟ್ಟುತ್ತಿರಲಿಲ್ಲ. ಮನೆಯಿಂದ ತಂದ ಜೀರಿಗೆ ನೀರಿನ ಬಾಟಲಿ ಅವರ ಚೀಲದಲ್ಲೇ ಇರುತ್ತಿತ್ತು. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಆ ದಿನ ಕಾಪು ಬೀಚಿನಲ್ಲಿ ಒಂದು ಕುಟುಂಬ ವ್ಯಾನಿಗೆ ಕಾಯುತ್ತಿತ್ತು. ಅವರ ಜೊತೆ ಸಣ್ಣ ಮಗು ಇತ್ತು. ಅಡುಗೆಗೂ ಮಗುವಿನ ಹಾಲಿಗೂ ಇದೇ ಟ್ಯಾಂಕಿನ ನೀರು.

ಮೆಕ್ಯಾನಿಕ್ ಅಣ್ಣ ನಲ್ಲಿ ಬಿಟ್ಟರು. ನೀರು ತಿಳಿಯಾಗಿಯೇ ಬಂತು.

"ಈಗ ನಂಬಿಕೆ ಆಯ್ತಲ್ವಾ? ಬ್ಲೀಚಿಂಗ್ ಹಾಕಿ ತೊಳೆದದ್ದು. ಫಸ್ಟ್ ಕ್ಲಾಸ್ ಉಂಟು."

"ಹಾಗಾದರೆ ನೀವೇ ಒಂದು ಗ್ಲಾಸ್ ಕುಡಿಯಿರಿ."

"ನನಗೆ ಬಾಯಾರಿಕೆ ಇಲ್ಲ ಮಾರಾಯ."

"ಒಂದು ಗುಟುಕು ಸಾಕು ಅಣ್ಣ."

"ಎಂತ ನೀನು, ನಾನು ವಿಷ ಹಾಕಿದ್ದೇನಾ?" ಎಂದು ನಗುತ್ತ ಗ್ಲಾಸ್ ತೆಗೆದುಕೊಂಡರು. ಬಿಸಿಲಿಗೆ ಹಿಡಿದರು, ಮೂಸಿದರು. ಆಮೇಲೆ ತೆಂಗಿನ ಬುಡಕ್ಕೆ ಚೆಲ್ಲಿ, ಚೀಲದಿಂದ ಬಾಟಲಿ ತೆಗೆದು ಜೀರಿಗೆ ನೀರನ್ನು ಗಟಗಟ ಕುಡಿದರು.

ನಾನು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಅಂಗಡಿಯಿಂದ ಕ್ಯಾನ್ ನೀರು ತಂದಿಟ್ಟು ಕಾಪುವಿಗೆ ಹೊರಟೆ. ಆ ಅಣ್ಣನನ್ನು ಮತ್ತೆ ರಿಪೇರಿಗೆ ಕರೆದಿಲ್ಲ. ಬೇರೆ ಹೇಳಲಿಕ್ಕೆ ಏನೂ ಇಲ್ಲ.