ಮೂಲೆ ಹರಿದ ಕಾರ್ಡು

ಕಾಕಾರ ಎಡಗೈಯಲ್ಲಿ ಇದ್ದದ್ದು ಮೂರೇ ಬೆರಳು. ಆ ಮೂರರಲ್ಲೇ ಚಹಾದ ಗ್ಲಾಸು ಹಿಡಿದು, ಮಿರಜ ಸ್ಟೇಶನ್ ರಸ್ತೆಯ ನನ್ನ ಎಸ್‌ಟಿಡಿ ಬೂತಿನ ಬಾಕಿನ ಮೇಲೆ ಕೂತಿರುತ್ತಿದ್ದರು. ಕುಪವಾಡದ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ಪಾಳಿ ಮುಗಿಸಿ ನೇರ ಇಲ್ಲಿಗೇ. ಸಂಬಂಧಿಕರೇನಲ್ಲ. ಗಂಡ ತೀರಿದ ಮೇಲೆ ನಾನೊಬ್ಬಳೇ ಬೂತು ಹಾಕಿದಾಗ, ಪುಂಡರು ಕಾಡದಂತೆ ಕಾದವರು.

ಗಿರಾಕಿ ಫೋನಿನಲ್ಲಿ ಅಳುಮೋರೆ ಮಾಡಿದರೆ ಗದರುತ್ತಿದ್ದರು. "ಮೊದಲ ಆರಾಮ ಅದೇವಿ ಅನ್ರಿ. ಉಳಿದದ್ದು ಆಮ್ಯಾಲ."

"ಕಾಕಾ, ಒಂದು ಬೋರ್ಡ ಬರದು ತೂಗ ಹಾಕ್ರಿ" ಎಂದು ರೇಗಿಸಿದೆ ಒಮ್ಮೆ. ಅವರು ನಗಲಿಲ್ಲ. ಅವತ್ತೇ ತಮ್ಮ ಕತೆ ಹೇಳಿದ್ದು.

ಸಿಪಾಯಿಯಾಗಿದ್ದ ಕಾಕಾ ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕು, ವರ್ಷ ಕಳೆದು ಬಿಡುಗಡೆಯಾಗಿತ್ತು. ಗಡಿ ದಾಟಿದ ಕೂಡಲೇ ಮನೆಗೆ ಬರೆಯಲು ಒಂದೊಂದು ಕಾರ್ಡು ಕೊಟ್ಟರಂತೆ. "ಆರಾಮ ಅದೇನಿ, ಬರತೇನಿ" ಎಂದು ಬರೆದರು. ಜೊತೆಗಿದ್ದ ಪಂಜಾಬಿ ಕೈದಿ ಊರಿನ ವಿಳಾಸ ಕೇಳಿದ. ಬೇರೆ ಕಾಗದವಿಲ್ಲ, ಕಾರ್ಡಿನ ಮೂಲೆಯನ್ನೇ ಹರಿದು ಬರೆದುಕೊಟ್ಟರು.

ಅವರ ಊರು ಬೇಡಗದಲ್ಲಿ ಮೂಲೆ ಹರಿದ ಕಾರ್ಡೆಂದರೆ ಸಾವಿನ ಸುದ್ದಿ. ಅದನ್ನು ಹೊಸಿಲೊಳಗೆ ತರುವಂತಿಲ್ಲ. ಮಿಲಿಟರಿ ಮುದ್ರೆ, ಹರಿದ ಮೂಲೆ. ಓದು ಬಾರದ ಅಪ್ಪನಿಗೆ ಅಷ್ಟೇ ಸಾಕಾಯಿತು. ಹೊರಗೇ ಚೂರುಚೂರು ಮಾಡಿ ಒಗೆದ. ಮಗ ಸತ್ತನೆಂದು ಮನೆಮಂದಿಯೆಲ್ಲ ತಲೆಮೇಲೆ ನೀರು ಹಾಕಿಕೊಂಡರು. ಅವ್ವ ಅನ್ನ ಬಿಟ್ಟಳು, ಹದಿನೈದು ದಿನಕ್ಕೆ ಹೋದಳು. ಅದಾದ ಎರಡು ದಿನಕ್ಕೆ ಕಾಕಾ ಬಂದು ಬಾಗಿಲಲ್ಲಿ ನಿಂತರು.

"ನಿನ್ನ ಕಾರ್ಡಽ ಆಕಿನ್ನ ಕೊಂದೈತಿ. ನಡಿ ಇಲ್ಲಿಂದ" ಎಂದನಂತೆ ಅಪ್ಪ. ಆಮೇಲೆ ಮಾತೇ ಇಲ್ಲ.

ಎಷ್ಟೋ ವರ್ಷಗಳ ಮೇಲೆ ಊರೂರಿಗೆ ಫೋನು ಬಂದವು, ಬೇಡಗದ ಆ ಮನೆಗೂ ಬಂತು. ಕಾಕಾ ಹೊಸ ಅಂಗಿ ಹಾಕಿಕೊಂಡು ಬಂದು ನಂಬರು ಒತ್ತಿದರು. "ಅಪ್ಪಾ, ನಾನು. ಆರಾಮ ಅದೇನಿ." ಅತ್ತ ಫೋನು ಇಟ್ಟ ಸದ್ದು. ಪ್ರತಿ ಸೋಮವಾರ ಹಚ್ಚಿದರು, ಪ್ರತಿ ಸೋಮವಾರ ಅಷ್ಟೇ. "ಇನ್ನಾದ್ರೂ ಬಿಡ್ರಿ ಕಾಕಾ" ಅಂದರೆ, "ನನ್ನ ದನಿ ಕೇಳ್ತಾನಲ್ಲವಾ, ಸಾಕು" ಅನ್ನುತ್ತಿದ್ದರು.

ಆರು ವರ್ಷ ಹೀಗೇ ಹೋಯಿತು. ಒಂದು ಮುಂಜಾನೆ ಕಾಕಾ ಕಾರ್ಖಾನೆಯ ಗೇಟಿನಲ್ಲೇ ಕುಸಿದು ತೀರಿಹೋದರು. ಬೇಡಗಕ್ಕೆ ನಾನೇ ಫೋನು ಹಚ್ಚಿದೆ. ಅಪ್ಪನೇ ಎತ್ತಿದ.

"ನಿಮ್ಮ ಮಗ ಹೋದರ್ರಿ ಅಜ್ಜಾ. ಮಣ್ಣಿಗಾದ್ರೂ ಬರ್ರಿ."

ಈ ಸಲ ಅವನು ಫೋನು ಇಡಲಿಲ್ಲ. "ಅವನ ಹೆಸರಲೆ ಒಮ್ಮೆ ನೀರು ಹಾಕ್ಕೊಂಡೇವಿ, ತಂಗಿ. ಎರಡನೇ ಸಲ ಹಾಕ್ಕೊಳ್ಳೂದಿಲ್ಲ."

ಆ ಮುದುಕನ ಬಾಯಿಗೆ ಮಣ್ಣು ಹಾಕಬೇಕೆನ್ನಿಸಿತು. ಕಾರ್ಖಾನೆಯ ನಾಲ್ವರು ಹೆಣಕ್ಕೆ ಹೆಗಲು ಕೊಟ್ಟರು. ಮನೆಯವರ್ಯಾರೂ ಬರಲಿಲ್ಲ. ನಾನು ಬೂತು ಮುಚ್ಚಿ ಮನೆಗೆ ಹೋಗಿ, ರಕ್ತದಲ್ಲಿ ನನಗೇನೂ ಆಗದ ಅವರ ಹೆಸರಿನಲ್ಲಿ ತಲೆಮೇಲೆ ನೀರು ಸುರಿದುಕೊಂಡೆ.