ಬಾತ್‌ರೂಮಿನಲ್ಲಿ ಪಾಯಿನ್ಸೆಟಿಯಾ ಮಲಗಿದೆ

ಫ್ರೆಂಡ್ಸ್, ಇವತ್ತು ಸಂಜೆ ನಮ್ಮ ಅತ್ತೆ ತಮ್ಮ ಸ್ವಂತ ತಮ್ಮನಿಗೇ ಬಾತ್‌ರೂಮಿನ ಬಾಗಿಲು ತೆರೆಯಲು ಬಿಡಲಿಲ್ಲ!

ಒಳಗೆ ಅವರ ಪಾಯಿನ್ಸೆಟಿಯಾ ಗಿಡವಿತ್ತು, ಕ್ರಿಸ್ಮಸ್ ಹೊತ್ತಿಗೆ ತುದಿಯ ಎಲೆಗಳೆಲ್ಲ ಕೆಂಪಾಗುವ ಗಿಡ. ಹೋದ ಕ್ರಿಸ್ಮಸ್‌ಗೆ ಬಂದದ್ದು. ಎಲೆ ಉದುರಿದಾಗ ನಾವೆಲ್ಲ ಎಸೆಯಿರಿ ಎಂದೆವು. ಅತ್ತೆ ಅದರ ರೆಂಬೆ ಕತ್ತರಿಸಿ, ಮಣ್ಣು ಬದಲಿಸಿ ಉಳಿಸಿಕೊಂಡರು. ರಾತ್ರಿಯಿಡೀ ಕತ್ತಲಲ್ಲಿದ್ದರೆ ಮಾತ್ರ ಅದು ಮತ್ತೆ ಕೆಂಪಾಗುತ್ತದಂತೆ. ಅದಕ್ಕೇ ಮಂಡಿನೋವಿದ್ದರೂ ದಿನಾ ಸಂಜೆ ಕುಂಡವನ್ನು ಬಾತ್‌ರೂಮಿಗೆ ಹೊತ್ತೊಯ್ದು, ಬೆಳಿಗ್ಗೆ ಬಿಸಿಲಿಗೆ ತರುತ್ತಾರೆ. ಇಂಥ ಹಟ ನನಗಂತೂ ಇಲ್ಲ.

ಕೊಡ್ಲಿಪೇಟೆಯಿಂದ ಬಂದ ಅವರ ತಮ್ಮ ಬಾತ್‌ರೂಮಿನ ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಅತ್ತೆ ಕೂಗಿದರು: "ಲೈಟ್ ಹಾಕ್ಬೇಡ! ಹಿತ್ತಲಲ್ಲಿ ಇನ್ನೊಂದು ಉಂಟಲ್ಲ, ಅಲ್ಲಿಗೆ ಹೋಗು."

"ಏನಕ್ಕ, ಒಂದು ಗಿಡಕ್ಕೋಸ್ಕರ ನನ್ನ ಆಚೆ ಕಳಿಸ್ತೀಯಾ? ತೋಟಕ್ಕೆ ಬರೋ ಆನೆ ಇಲ್ಲಿಗೂ ಬಂದ್ರೆ?"

"ಬಂದ್ರೆ ಕೂಗು. ಲೈಟ್ ಬಿದ್ರೆ ನನ್ನ ಗಿಡ ಹಸಿರಾಗೇ ಉಳೀತದೆ."

ಟಾರ್ಚ್ ಹಿಡಿದು ಗೊಣಗುತ್ತ ಹೋದವರು ಕ್ಷೇಮವಾಗಿ ಮರಳಿದರು. ಅತ್ತೆ ಬೆಳಿಗ್ಗೆ ತೆಗೆದ ಫೋಟೋ ತೋರಿಸಿದರು. ತುದಿಯ ಎಲೆಗಳಿಗೆ ಕೆಂಪು ಹತ್ತಿತ್ತು. ತಮ್ಮ ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಅಕ್ಕ, ನಂಗೂ ನೆಡೋಕೆ ಒಂದು ಕಡ್ಡಿ ಕೊಡು" ಎಂದರು.

ಅವರ ಮನೆಯಲ್ಲಿರುವುದು ಒಂದೇ ಬಾತ್‌ರೂಮ್. ಅವರ ಹೆಂಡತಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.